ಮಾಸ್ಕ್ ಇಳಿಸಿ ಆಡಿದ ಮಾತು

"ಏಯ್! ನಿಲ್ಲಿಸಿ! ಏನ್ರೀ ಮಾಡ್ತಿದೀರಿ?!"

ಲ್ಯಾಬಿನ ಬಾಗಿಲಲ್ಲೇ ಅವಳು ಕೂಗಿದರೂ ಅವನ ಕೈ ನಿಲ್ಲಲಿಲ್ಲ. ಸಿಂಕಿನಲ್ಲಿದ್ದ ಕೊನೆಯ ಫ್ಲಾಸ್ಕಿನ ಮುಚ್ಚಳ ತೆಗೆದು ಕ್ಯಾನಿನಿಂದ ಬ್ಲೀಚ್ ಸುರಿದ. ಗುಲಾಬಿ ಬಣ್ಣದ ದ್ರವ ಒಂದು ಕ್ಷಣ ನೇರಳೆಯಾಗಿ, ಆಮೇಲೆ ಬಣ್ಣವೆಲ್ಲ ಕಳೆದುಕೊಂಡು ಬಚ್ಚಲ ನೀರಿನಂತಾಯಿತು.

ಅವಳ ಆರು ವರ್ಷದ ಕೆಲಸ... ಸಿಂಕಿನೊಳಗೆ!

ಬ್ಲೀಚಿನ ಘಾಟಿಗೆ ಅವಳು ಮೂಗು ಮುಚ್ಚಿಕೊಂಡಳು. ಅದಕ್ಕಿಂತ ಹೆಚ್ಚು ಹೇಸಿಗೆ ಹುಟ್ಟಿಸಿದ್ದು ಅವನ ಶಾಂತ ಮುಖ. ಪಾತ್ರೆ ತೊಳೆದು ಮುಗಿಸಿದವನ ಹಾಗೆ ಅವನು ಕೈಗವಸು ಕಳಚಿ ಬುಟ್ಟಿಗೆ ಹಾಕಿದ.

"ಸೋಂಕು ತಗುಲಿತ್ತು ಮೇಡಮ್. ಬೆಳಿಗ್ಗೆ ರಿಪೋರ್ಟ್ ಬಂತು. ನಿಮಗೆ ನಾಲ್ಕು ಸಲ ಫೋನ್ ಮಾಡ್ದೆ."

"ಯಾರ್ರೀ ನೀವು?"

"ಕಂಪನಿಯವನು. ಆರು ತಿಂಗಳಿಂದ ನಿಮ್ಮ ಜೊತೆ ಇಮೇಲಲ್ಲಿ ಜಗಳ ಆಡ್ತಿರೋ ಎಂಜಿನಿಯರ್."

'ಇವನಾ?! ಥೂ...'

ಫ್ಲಾಸ್ಕುಗಳಲ್ಲಿದ್ದವು ಬರೀ ಜೀವಕೋಶಗಳಲ್ಲ. ಕೀಲುವಾತಕ್ಕೆ ಔಷಧಿ ತಯಾರಿಸುವ ಕೋಶಗಳು. ಮಾತ್ರೆಯ ಹಾಗೆ ರಾಸಾಯನಿಕ ಬೆರೆಸಿ ಮಾಡುವಂಥದ್ದಲ್ಲ ಆ ಔಷಧಿ, ಜೀವ ಇರುವ ಕೋಶಗಳೇ ಅದನ್ನು ಮಾಡಿಕೊಡಬೇಕು. ಅವುಗಳನ್ನು ಲ್ಯಾಬಿನಲ್ಲಿ ಸಾಕುವುದು ಅವಳ ಕೆಲಸ, ಕಾರ್ಖಾನೆಯ ದೊಡ್ಡ ತೊಟ್ಟಿಯಲ್ಲಿ ಬೆಳೆಸುವುದು ಅವನ ಕೆಲಸ. ಕಾಲೇಜು, ಕಂಪನಿ ಎರಡೂ ಕೈಜೋಡಿಸಿದರೆ ಮಾತ್ರ ಸರ್ಕಾರದ ನೆರವು. ಜೊತೆಗೆ ಒಂದು ಷರತ್ತು: ಹೆಪ್ಪುಗಟ್ಟಿಸಿದ ಕೋಶಗಳ ಹನ್ನೆರಡು ಸೀಸೆಗಳನ್ನು ಇನ್ನೊಬ್ಬರ ಬಳಿ, ಅಂದರೆ ಕಂಪನಿಯಲ್ಲಿ, ಇಡಬೇಕು.

ಆ ಸೀಸೆಗಳನ್ನು ಕೊಡುವಾಗ ಅವಳು ಎಷ್ಟು ಗೋಳಾಡಿದ್ದಳು! ಲ್ಯಾಬಿನವರು ಅವಳಿಗೆ 'ಕೋಶದಮ್ಮ' ಎಂದು ಸುಮ್ಮನೆ ಹೆಸರಿಟ್ಟಿರಲಿಲ್ಲ.

ಅಂದು ಬೆಳಿಗ್ಗೆ ಅವಳು ಅಕ್ಕನನ್ನು ಡಾಕ್ಟರ ಬಳಿ ಕರೆದೊಯ್ದಿದ್ದಳು. ಫೋನ್ ಬ್ಯಾಗಿನ ತಳದಲ್ಲಿ ಸದ್ದಿಲ್ಲದೆ ಬಿದ್ದಿತ್ತು. ಹೊರದೇಶದ ಇಂಜೆಕ್ಷನ್ ಈ ಸಲವೂ ಬಂದಿರಲಿಲ್ಲ. ಕೀಲುವಾತದಿಂದ ಅಕ್ಕನ ಬೆರಳುಗಳು ಸೊಟ್ಟಗಾಗಿ, ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಗುಂಡಿ ಹಾಕುವವಳು ಇವಳೇ.

ಅವಳು ನೇರ ಮೇಷ್ಟ್ರ ಕೋಣೆಗೆ ನುಗ್ಗಿದಳು. ಲ್ಯಾಬಿನ ಮುಖ್ಯಸ್ಥರು ಅವರು.

"ಸರ್, ನಿಮ್ಮನ್ನ ಕೇಳಿ ಸುರಿದನಾ ಅವನು?"

ಮೇಷ್ಟ್ರು ಬಿಸ್ಕತ್ತನ್ನು ಟೀಯಲ್ಲಿ ಅದ್ದಿದರು. "ನಂಗೇನೂ ಗೊತ್ತಿಲ್ಲಮ್ಮ. ಕಂಪನಿಯವರು... ದೊಡ್ಡವರು..."

ಅದ್ದಿದ ತುಂಡು ಮುರಿದು ಲೋಟದೊಳಗೆ ಬಿತ್ತು. ಅವರು ಅದನ್ನು ಬೆರಳಲ್ಲೇ ತೆಗೆದು ಚೀಪಿದರು. ಅವಳು ಮುಖ ಆಚೆ ತಿರುಗಿಸಿದಳು.

ಅವಳಿಗೆ ಎಲ್ಲ ಅರ್ಥವಾಯಿತು! ಅಥವಾ ಅರ್ಥವಾಯಿತು ಅಂದುಕೊಂಡಳು. ಇಲ್ಲಿ ಇದ್ದದ್ದನ್ನೆಲ್ಲ ಕೊಂದರೆ ಉಳಿಯುವುದು ಅವನ ಬಳಿ ಇರುವ ಹನ್ನೆರಡು ಸೀಸೆ ಮಾತ್ರ. ಆಮೇಲೆ ಔಷಧಿ ಯಾರದ್ದು? ಅವನದ್ದು!

'ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ... ನನಗೆ ಗೊತ್ತಾಗಲ್ಲ ಅಂದ್ಕೊಂಡಿದಾನೆ!'

ಮೂರು ವಾರದಲ್ಲಿ, ನೆರವು ಕೊಡುವ ಸರ್ಕಾರಿ ಇಲಾಖೆಯ ಪರಿಶೀಲನೆ. ಯೋಜನೆ ಉಳಿಯುವುದೋ ಮುಚ್ಚುವುದೋ ಅಲ್ಲೇ ತೀರ್ಮಾನ. ಅಲ್ಲಿಯವರೆಗೆ ಇಬ್ಬರೂ ಸೇರಿ ಲ್ಯಾಬ್ ಶುಚಿ ಮಾಡಿ ಜಂಟಿ ವರದಿ ಬರೆಯಬೇಕಿತ್ತು. ಅವಳ ಚೀಲದಲ್ಲಿ ಆಗಲೇ ಅವನ ಮೇಲಿನ ದೂರು ಸಿದ್ಧವಾಗಿತ್ತು.

ಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ತಳದಲ್ಲಿ ಒಂದು ನೀರಿನ ತಟ್ಟೆ ಇರುತ್ತದೆ. ಅವನು ಅದನ್ನು ಹೊರಗೆಳೆದ. ಅಂಚಿನ ತುಂಬ ಕಂದು ಬಣ್ಣದ ಲೋಳೆ. ಬೆರಳು ಹಾಕಿದರೆ ಎಳೆಎಳೆಯಾಗಿ ಬಂತು... ಅಬ್ಬಾ, ಬರೆಯುವಾಗ ನನಗೇ ಮೈ ಜುಮ್ಮೆನ್ನುತ್ತಿದೆ!

ಅವನು ಮೊಣಕಾಲೂರಿ ಕೂತು ಉಜ್ಜತೊಡಗಿದ.

"ವಾಕರಿಕೆ ಬಂದ್ರೆ ಹೊರಗಡೆ ಹೋಗಿ ಮೇಡಮ್. ನಾನು ಮಾಡ್ತೀನಿ."

"ವಾಕರಿಕೆ ಬರ್ತಿರೋದು ಲೋಳೆ ನೋಡಿ ಅಲ್ಲ."

ಅವನ ಕೈ ಒಂದು ಗಳಿಗೆ ನಿಂತಿತು. ತಲೆ ಎತ್ತದೆ ಮತ್ತೆ ಉಜ್ಜಿದ. ಅವನ ಕಿವಿ ಕೆಂಪಾಗಿದ್ದನ್ನು ಅವಳು ನೋಡಿದಳು. ಖುಷಿಯಾಗಬೇಕಿತ್ತು, ಯಾಕೋ ಆಗಲಿಲ್ಲ.

ಮೂರು ದಿನ ಅವನು ಲ್ಯಾಬಿನ ಮೂಲೆಮೂಲೆಯನ್ನೂ ಹಾಗೇ ಉಜ್ಜಿದ. ನಾಲ್ಕನೆಯ ದಿನ ಅವಳಿಗೆ ತಿಳಿಯದಂತೆಯೇ ಅವಳೂ ಒಂದು ಬ್ರಷ್ ಹಿಡಿದು ಪಕ್ಕದಲ್ಲಿ ಕೂತಿದ್ದಳು.

"ನಿಮ್ಮ ಅಕ್ಕ ಹೇಗಿದಾರೆ?" ಅವನು ಕೇಳಿದ.

"ನಿಮಗೆ ಹೇಗೆ ಗೊತ್ತು?"

"ಮೊದಲನೇ ಇಮೇಲಲ್ಲಿ ಬರೆದಿದ್ರಲ್ಲ. ಗುಂಡಿ ವಿಷಯ."

ಹೌದು, ಬರೆದಿದ್ದಳು. ಅವನು ಮರೆತಿರಲಿಲ್ಲ. 'ನಾಟಕ!' ಎಂದು ಮನಸ್ಸು ಹೇಳಿತು. ಆದರೆ ಅಷ್ಟು ಜೋರಾಗಿ ಹೇಳಲಿಲ್ಲ.

ಪರಿಶೀಲನೆಯ ಹಿಂದಿನ ದಿನ ಮಧ್ಯಾಹ್ನ ಅವಳು ವರದಿಯನ್ನು ತಿರುವಿ ಹಾಕುತ್ತಿದ್ದಳು. 'ಸೋಂಕಿಗೆ ಕಾರಣ' ಎಂಬಲ್ಲಿ ಅವನ ಅಕ್ಷರ: ಕೋಶಗಳನ್ನು ಬೆಳೆಸಲು ಕಂಪನಿ ಕಳಿಸಿದ ದ್ರವದ ಬಾಟಲಿ.

ಅವಳ ಹುಬ್ಬು ಗಂಟಿಕ್ಕಿತು. ಆ ಬಾಟಲಿಗಳನ್ನು ಅವಳೇ ಪರೀಕ್ಷೆ ಮಾಡಿಸಿದ್ದಳು, ಎಲ್ಲ ಶುದ್ಧವಾಗಿದ್ದವು. ಫೈಲಿನ ಕೊನೆಯಲ್ಲಿ ಸೋಂಕಿನ ಪರೀಕ್ಷಾ ವರದಿಯ ಎರಡನೇ ಹಾಳೆ ಇತ್ತು. ಅವಳಿಗೆ ಯಾರೂ ತೋರಿಸದ ಹಾಳೆ.

ಈ ರೋಗಾಣು ಮನುಷ್ಯರ ಬಾಯಲ್ಲಿ ವಾಸಿಸುವ ಜಾತಿಯದು.

ಬಾಯಿ...

ಆ ಫ್ಲಾಸ್ಕುಗಳಿದ್ದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದವಳು ಅವಳೊಬ್ಬಳೇ. ದಿನಾ ಮಾಸ್ಕನ್ನು ಗಲ್ಲಕ್ಕಿಳಿಸಿ, ತೆರೆದ ಫ್ಲಾಸ್ಕಿನ ಮೇಲೆ ಬಗ್ಗಿ ಕೋಶಗಳ ಜೊತೆ ಮಾತಾಡುತ್ತಿದ್ದವಳೂ ಅವಳೇ!

ಕೆಳಗೆ ಬ್ಲೀಚ್ ಸುರಿಯಲು ಅನುಮತಿಯ ಸಾಲು. ಅದರಡಿ ಮೇಷ್ಟ್ರ ದಪ್ಪ ಸಹಿ.

ಅವಳು ಸಿಂಕಿಗೆ ಓಡಿದಳು. ಬಾಯಿ ತೊಳೆದಳು, ಉಗಿದಳು, ಮತ್ತೆ ತೊಳೆದಳು. ತನ್ನ ನಾಲಿಗೆಯೇ ಲೋಳೆಯಂತೆ ಅನಿಸಿ ಹೇಸಿಗೆಯಾಯಿತು. ಮಕ್ಕಳು ಮಕ್ಕಳು ಅಂತ ಮುದ್ದಿಸಿ ತಾನೇ ವಿಷ ಉಣಿಸಿದ್ದಳಲ್ಲ...

"ಮೇಡಮ್?" ಬಾಗಿಲಲ್ಲಿ ಅವನು.

"ಯಾಕೆ ಸುಳ್ಳು ಬರೆದ್ರಿ?"

ಅವನು ಹಾಳೆ ನೋಡಿದ. ಮುಖ ಬಾಡಿತು. "ನೀವು ಅವುಗಳ ಜೊತೆ ಮಾತಾಡ್ತೀರಿ ಅಂತ ಎಲ್ರೂ ನಗ್ತಾ ಹೇಳಿದ್ರು. ಅದನ್ನ ಸರ್ಕಾರದ ಫೈಲಲ್ಲಿ ಬರೆಯೋಕೆ... ಕೈ ಬರಲಿಲ್ಲ."

"ನಿಮ್ಮ ಕನಿಕರ ನಂಗೆ ಬೇಡ! ಸುಳ್ಳಿನ ಮೇಲೆ ಕಟ್ಟಿದ ಔಷಧೀನ ನಮ್ಮಕ್ಕನಿಗೆ ಚುಚ್ಚಲಾ? ಅಸಹ್ಯ ಆಗುತ್ತೆ ನಂಗೆ!"

"ಕನಿಕರ ಅಲ್ಲ," ಅವನು ಮೆಲ್ಲಗೆ ಅಂದ. "ಆದ್ರೆ ತಪ್ಪು ಮಾಡಿದೆ. ಅದು ನಿಜ."

ಕನಿಕರ ಅಲ್ಲದಿದ್ದರೆ ಮತ್ತೇನು? ಅವಳು ಚೀಲದಿಂದ ದೂರು ತೆಗೆದು ಹರಿದು ಹಾಕಿದಳು.

ಮರುದಿನ ಇಲಾಖೆಯ ಮೇಡಮ್ ಬಂದರು. ಕನ್ನಡಕದ ಮೇಲಿನಿಂದ ಜನರನ್ನು ನೋಡುವ ಹೆಂಗಸು. ಮೇಷ್ಟ್ರು ಹಲ್ಲು ಕಿರಿದರು.

"ಸಣ್ಣ ತಾಂತ್ರಿಕ ಅಡಚಣೆ ಮೇಡಮ್. ಕಂಪನಿ ಬಾಟಲಿಯಿಂದ..."

"ಬಾಟಲಿಯಿಂದ ಅಲ್ಲ." ಅವಳು ಎದ್ದು ನಿಂತಳು. "ನನ್ನ ಬಾಯಿಂದ. ಮಾಸ್ಕ್ ಇಳಿಸಿ ಕೋಶಗಳ ಜೊತೆ ಮಾತಾಡ್ತಿದ್ದೆ. ಈ ಎಂಜಿನಿಯರ್ ನಿಯಮದ ಪ್ರಕಾರವೇ ನಾಶ ಮಾಡಿದಾರೆ. ನಮ್ಮ ಸರ್ ಸಹಿನೂ ಇದೆ."

ಮೇಷ್ಟ್ರು ತಟ್ಟನೆ ತಮ್ಮ ಪೆನ್ನನ್ನು ಜೇಬಿಗೆ ಸೇರಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ!

ಇಲಾಖೆಯ ಮೇಡಮ್ ಎರಡನೇ ಹಾಳೆ ಓದಿದರು. "ಮಾತು ಆಡಿದ್ರೆ ಹೋಯ್ತು ಅಂತಾರೆ. ನಿಮ್ಮದು ನಿಜವಾಗ್ಲೂ ಹೋಯ್ತಲ್ಲಮ್ಮ." ಆಮೇಲೆ ಅವನ ಕಡೆ ತಿರುಗಿದರು. "ಹನ್ನೆರಡು ಸೀಸೆ?"

"ಮೂರು ಸಲ ಪರೀಕ್ಷೆ ಮಾಡಿಸಿದೀನಿ. ಸೋಂಕಿಲ್ಲ. ಅವು ಇವರವೇ ಮೇಡಮ್, ನಾವು ಬರೀ ಕಾಯ್ತಿದೀವಿ."

"ಆ ಷರತ್ತು ಬರೆದವಳು ನಾನೇ. ಎಲ್ರೂ ಬೈದಿದ್ರಿ." ಅವರು ಪೆನ್ನು ತೆಗೆದರು. "ಸುಳ್ಳು ಸಾಲು ಹೊಡೆದು ಹಾಕಿ, ನಿಜ ಬರೆದು, ಇಬ್ರೂ ಸಹಿ ಮಾಡಿ. ಇನ್ನು ಆರು ತಿಂಗಳು ಕೊಡ್ತೀನಿ, ಆದ್ರೆ ಜೊತೆಗೇ ಮಾಡ್ಬೇಕು. ಸರ್, ನಿಮ್ಮ ಸಹಿ ಬಗ್ಗೆ ಬೇರೆ ಮಾತಾಡೋಣ."

ವಾರದ ನಂತರ ಮೊದಲ ಸೀಸೆ ಬಂತು. ಬೆಚ್ಚಗಿನ ನೀರಲ್ಲಿ ಹಿಡಿದು ಅವನು ಕರಗಿಸಿದ, ಅವಳು ಹೊಸ ಫ್ಲಾಸ್ಕಿಗೆ ಇಳಿಸಿದಳು. ಮೂರನೇ ದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಗಳು ದುಂಡಗೆ, ಹೊಳೆಯುತ್ತ, ಎರಡರಷ್ಟಾಗಿದ್ದವು! ಮಾಸ್ಕಿನೊಳಗೇ ಅವಳು ಅತ್ತಳು.

"ಮಾತಾಡಿಸಲ್ವಾ?" ಅವನು ಕೇಳಿದ.

ಅವಳು ಇಲ್ಲವೆಂದು ತಲೆಯಾಡಿಸಿದಳು. ಮಾಸ್ಕನ್ನು ಇನ್ನಷ್ಟು ಬಿಗಿ ಮಾಡಿಕೊಂಡಳು.

"ಮುಂಚೆ ಏನು ಹೇಳ್ತಿದ್ರಿ ಅವಕ್ಕೆ?"

"ಬೇಗ ಬೆಳೀರೋ, ಅಕ್ಕ ತಾನೇ ಗುಂಡಿ ಹಾಕ್ಕೋಬೇಕು ಅಂತ..." ಅವಳು ತಡೆದಳು. "ಆಮೇಲೆ ನಿಮ್ಮ ಇಮೇಲ್ ಓದಿ ಹೇಳ್ತಿದ್ದೆ."

"ಬೈಯೋಕಾ?"

"ಮೊದಮೊದಲು ಬೈಯೋಕೆ." ಅವಳ ಕಣ್ಣು ಕೆಳಗಾಯಿತು. "ಆಮೇಲೆ... ಯಾರಿಗಾದ್ರೂ ಹೇಳ್ಬೇಕಿತ್ತಲ್ಲ, ನಿಮ್ಮ ಇಮೇಲ್ ಬರದಿದ್ರೆ ದಿನ ಹೋಗ್ತಿರಲಿಲ್ಲ ಅಂತ."

ಅವನು ಫ್ಲಾಸ್ಕನ್ನು ಇನ್‌ಕ್ಯುಬೇಟರಿನಲ್ಲಿಟ್ಟು, ಬಾಗಿಲು ಭದ್ರಪಡಿಸಿ, ಅವಳನ್ನು ಹೊರಗಿನ ಕಾರಿಡಾರಿಗೆ ಕರೆತಂದ. ತನ್ನ ಮಾಸ್ಕ್ ಇಳಿಸಿದ.

"ಇನ್ಮೇಲೆ ಅವಕ್ಕೆ ಹೇಳೋದನ್ನೆಲ್ಲ ನನಗೆ ಹೇಳಿ. ಮಾಸ್ಕ್ ಇಳಿಸೇ ಹೇಳಿ."

"ನಿಮಗೂ ಸೋಂಕು ತಗುಲಿದ್ರೆ?"

"ತಗುಲಲಿ." ಅವನು ನಕ್ಕ. "ಬ್ಲೀಚ್ ಮಾತ್ರ ಸುರೀಬೇಡಿ."

ಅವಳು ಮಾಸ್ಕ್ ಇಳಿಸಿದಳು.