ಸಣ್ಣಬೀರಪ್ಪನ ಎದೆಯ ಗೇಟು

ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ, ಮೂರು ತಾಲ್ಲೂಕಿನ ಜನ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದಾಗ, ಕನಕರಾಜುವಿಗೆ ಹೆಣ್ಣು ಕೊಟ್ಟ ಮಾವ ಸಣ್ಣಬೀರಪ್ಪ ಅಂದೇಬಿಟ್ಟ: “ಕಡೂರು ತೋಟ ಕಿರಿಮಗಳು ಭುವನಾ ಹೆಸ್ರಿಗೆ ಕಣ್ರಪ್ಪಾ. ಸೋಮವಾರ ಖಾತೆ ಮಾಡಿಸ್ತೀನಿ. ನಮ್ ದೊಡ್ಡ ಅಳಿಯ ನೀರು ಕಟ್ಟೋಕೆ ಹೋದ್ರೆ ನೀರೇ ನಿದ್ದೆ ಮಾಡ್ತದೆ.”

ಜನ ನಕ್ಕ ರಭಸಕ್ಕೆ ಅಜ್ಜಂಪುರದ ರೈಲು ಹಳಿ ತಪ್ಪಬೇಕಿತ್ತು. ದೊಡ್ಡ ಅಳಿಯ ಕನಕರಾಜುವೂ ನಕ್ಕ. ನಗುತ್ತಲೇ, ಸೋಮವಾರದೊಳಗೆ ಮಾವನನ್ನು ಮುಗಿಸುವುದೆಂದು ತೀರ್ಮಾನಿಸಿದ.

ಆಯುಧ ಕೊಟ್ಟವರು ಹೃದಯದ ಡಾಕ್ಟರೇ. ಹಿಂದೊಮ್ಮೆ ಫೋನಿನ ಸದ್ದಿಗೇ ಮಾವ ಮೂರ್ಛೆ ಬಿದ್ದಾಗ ಇಸಿಜಿ ನೋಡಿ ಹೇಳಿದ್ದರು: “ಯಜಮಾನ್ರೇ, ಎದೆ ಒಂದ್ಸಲ ಬಡ್ಕೊಂಡ್ಮೇಲೆ ಸುಧಾರಿಸ್ಕೋಬೇಕು. ಅದಕ್ಕೆ ಜೀವಕೋಶದೊಳಗಿನ ಪೊಟ್ಯಾಸಿಯಂ ಹೊರಗೆ ಹೋಗ್ಬೇಕು. ಎಮ್ಮೆದೊಡ್ಡಿ ಕಾವಲಲ್ಲಿ ಗೇಟು ತೆಗೆದ್ರೆ ದನ ಹೊರಡಲ್ವಾ, ಹಂಗೆ. ನಿಮ್ಮೆದೇಲಿ ಆ ಗೇಟು ಸರಿಯಾಗಿ ತೆರೆಯಲ್ಲ. ಸುಧಾರಿಸ್ಕೊಳ್ಳೋದು ತಡ. ಆ ಹೊತ್ತಲ್ಲಿ ಢಂ ಅಂತ ಸದ್ದಾದ್ರೆ, ತಾಳ ತಪ್ಪಿ ಎದೆ ನಿಂತೇ ಹೋಗಬಹುದು.”

“ಅಂದ್ರೆ ನನ್ನೆದೆಗೂ ಒಬ್ಬ ದನ ಕಾಯೋನು ಬೇಕನ್ನಿ,” ಎಂದಿದ್ದ ಮಾವ. ಮಾತ್ರೆಯನ್ನು ಹಬ್ಬಕ್ಕೊಂದರಂತೆ ನುಂಗುತ್ತಿದ್ದ.

ಚಾಕುವಾದರೆ ರಕ್ತ, ವಿಷವಾದರೆ ಬಾಟಲಿ. ಸದ್ದಿಗೆ ಬೆರಳಚ್ಚಿಲ್ಲ. ಕೋತಿ ಓಡಿಸಲು ಪಟಾಕಿ ಹೊಡೆಯದ ತೋಟ ಕಡೂರು ಸೀಮೆಯಲ್ಲೇ ಇಲ್ಲ. ಕೋತಿ ಬಾರದ ದಿನವೂ ಕನಕರಾಜು ಕೋತಿ ಕಾಟವೆಂದು ಊರಿಗೆಲ್ಲ ಸಾರಿದ. ಅಳುವುದನ್ನೂ ಅಭ್ಯಾಸ ಮಾಡಿದ. ಕೊಟ್ಟಿಗೆಯಲ್ಲಿ ಅತ್ತು ನೋಡಿದರೆ ಎಮ್ಮೆಯೇ ಕಣ್ಣೀರು ಹಾಕಿತು.

ಭಾನುವಾರ ಮಧ್ಯಾಹ್ನ ಮಾವ ಮುದ್ದೆ ಉಂಡು, ತೋಟದ ಮನೆಯ ಕಿಟಕಿಗೆ ತಲೆ ಕೊಟ್ಟು ಮಲಗಿದ. ಕನಕರಾಜು ಹೊರಗೆ, ಅದೇ ಕಿಟಕಿಯ ಕೆಳಗೆ, ಭಾರಿ ಪಟಾಕಿಯೊಂದಕ್ಕೆ ಕಡ್ಡಿ ಗೀರಿ, ತೆಂಗಿನ ಮರದ ಹಿಂದೆ ಕಿವಿ ಮುಚ್ಚಿ ನಿಂತ. ಸದ್ದಿಲ್ಲ. ಇನ್ನೂ ಸದ್ದಿಲ್ಲ. ಬತ್ತಿ ಆರಿತೆಂದು ಶಪಿಸುತ್ತಾ, ಕಿವಿಯಿಂದ ಕೈ ತೆಗೆದು ಹತ್ತಿರ ಬರುತ್ತಿದ್ದಾಗ ಅದು ಸಿಡಿಯಿತು. ಕೆಮ್ಮಣ್ಣುಗುಂಡಿಯ ಬೆಟ್ಟ ಒಂದು ಗೇಣು ಹಿಂದಕ್ಕೆ ಸರಿಯಿತು.

“ಯಾವನ್ಲಾ ಅವ್ನು? ಎಲ್ಲೈತೋ ಕೋತಿ?” ಮಾವ ಕಣ್ಣುಜ್ಜಿಕೊಂಡು ಎದ್ದು ಕೂತ. ಅವನ ಎದೆಯ ಗೇಟಿಗೂ ಒಳ್ಳೆಯ ದಿನಗಳಿರುತ್ತವೆ. ಕಿಟಕಿಯಿಂದ ಬಗ್ಗಿ ನೋಡಿದರೆ ಅಳಿಯ ಅಂಗಾತ ಬಿದ್ದಿದ್ದ. ಮೈಮೇಲೆ ಒಂದು ಗೀರಿಲ್ಲ, ಉಸಿರೂ ಇಲ್ಲ.

ಕನಕರಾಜು ಯೋಚಿಸದೆ ಬಿಟ್ಟದ್ದು ಒಂದೇ. ಈ ದೋಷ ರಕ್ತದಲ್ಲಿ ಇಳಿದು ಬರುತ್ತದೆ, ರಕ್ತಸಂಬಂಧಿಗಳೆಲ್ಲ ಇಸಿಜಿ ಮಾಡಿಸಿ ಎಂದು ಡಾಕ್ಟರು ಅಂದೇ ಹೇಳಿದ್ದರು. ಅವನ ಹೆಂಡತಿ ಪ್ರತಿಮಾ, ನಾದಿನಿ ಭುವನಾ ಇಬ್ಬರೂ ಮಾಡಿಸಿಕೊಂಡು, ಏನೂ ಇಲ್ಲವೆಂದು ನಗುತ್ತಾ ಬಂದಿದ್ದರು. “ನೀವೂ ಮಾಡಿಸ್ಕಳ್ರೀ,” ಎಂದಿದ್ದಳು ಪ್ರತಿಮಾ. “ನಿಮ್ಮಪ್ಪನ ಕಾಯಿಲೆ ನಂಗ್ಯಾಕೆ ಬತ್ತದೆ ಕಣೇ? ನಾನು ಅಳಿಯ,” ಎಂದು ಅವನು ಹೊರಗೆ ಕೂತು ಮಂಡಕ್ಕಿ ತಿಂದಿದ್ದ. ಹೆಣ್ಣು ಕೊಡುವುದಕ್ಕೆ ಎಷ್ಟೋ ವರ್ಷ ಮೊದಲೇ ಸಣ್ಣಬೀರಪ್ಪ, ಕನಕರಾಜುವನ್ನು ಹೆತ್ತ ಈರಕ್ಕನ ಒಡಹುಟ್ಟಿದ ಅಣ್ಣನಾಗಿದ್ದ.