ಲೀಟರಿಗೆ ಹನ್ನೊಂದು ಕಿಲೋಮೀಟರ್

"ಡೀಸೆಲ್ ಕುಡೀತಿರೋದು ಗಾಡಿ ಅಲ್ಲ ಸಿಸ್ಟರ್, ನಿಮ್ಮ ಬಲಗಾಲು," ಎಂದ ಮೆಕ್ಯಾನಿಕ್.

ನರ್ಸ್ ಮುಖ ಊದಿಸಿಕೊಂಡಳು. ಹಾಸಿಗೆ, ಒಲೆ ಎಲ್ಲ ಒಳಗೇ ಇರುವ ಆ ಹಳೆಯ ಕ್ಯಾಂಪರ್ ವ್ಯಾನ್ ಅವಳ ಅಪ್ಪನ ಕಾಲದ್ದು. ಅದರಲ್ಲೇ ಅವಳು ಗುಡ್ಡಸಾಲು ದಾಟಿ ಹೋಗಬೇಕಿತ್ತು. ಅಲ್ಲಿ ಅಕ್ಕ ತೀರಿಕೊಂಡಿದ್ದಳು. ಅಕ್ಕನ ಇಬ್ಬರು ಪುಟ್ಟ ಹೆಣ್ಣುಮಕ್ಕಳು ನೆರೆಯವರ ಮನೆಯಲ್ಲಿ ಚಿಕ್ಕಮ್ಮನ ದಾರಿ ಕಾಯುತ್ತಿದ್ದರು. ಆ ದಾರಿಯಲ್ಲಿ ನಾನೂರು ಕಿಲೋಮೀಟರ್ ಒಂದೇ ಒಂದು ಬಂಕ್ ಇರಲಿಲ್ಲ. ಟ್ಯಾಂಕ್ ಹಿಡಿಯುವುದು ನಲವತ್ತು ಲೀಟರ್. ವ್ಯಾನ್ ಕೊಡುತ್ತಿದ್ದುದು ಲೀಟರಿಗೆ ಏಳು.

ಅವನು ಟೈರಿಗೆ ಗಾಳಿ ತುಂಬಿದ, ಏರ್ ಫಿಲ್ಟರ್ ಬದಲಿಸಿದ, ಮೇಲಿನ ಕ್ಯಾರಿಯರ್ ಬಿಚ್ಚಿಹಾಕಿದ. ಭಾನುವಾರ ಬೆಳಿಗ್ಗೆ ಪಕ್ಕದಲ್ಲಿ ಕೂತು ಓಡಿಸುವುದನ್ನೂ ಹೇಳಿಕೊಟ್ಟ.

"ಅರವತ್ತು ದಾಟಿಸ್ಬೇಡಿ. ಸಿಗ್ನಲ್ ಅಷ್ಟು ದೂರದಲ್ಲೇ ಕಾಣ್ತಿದೆ, ಈಗ್ಲೇ ಕಾಲು ತೆಗೀರಿ ಸಿಸ್ಟರ್."

"ಏನು ಬೇಕಾದ್ರೂ ಕರೀರಿ, ಸಿಸ್ಟರ್ ಅಂತ ಮಾತ್ರ ಬೇಡ." ಅವಳು ಓರೆಗಣ್ಣಲ್ಲಿ ನಕ್ಕಳು. ಅವನ ಕಿವಿ ಕೆಂಪಾಯಿತು.

ನಾಲ್ಕು ಭಾನುವಾರ ಕಳೆದರೂ ಎಂಟು ದಾಟಲಿಲ್ಲ. ಐದನೆಯ ವಾರ ಹನ್ನೊಂದು! ಅವನು ಎರಡೆರಡು ಸಲ ಲೆಕ್ಕ ಹಾಕಿದ.

"ಇದ್ದಕ್ಕಿದ್ದಂಗೆ ಹೇಗೆ?"

"ಎರಡನೇ ವಾರಕ್ಕೇ ಕಲ್ತಿದ್ದೆ." ಅವಳು ಸ್ಟೇರಿಂಗ್ ಮೇಲೆ ಹಣೆಯಿಟ್ಟಳು. "ಕಲ್ತೆ ಅಂದ್ರೆ ನೀವು ಬರೋದು ನಿಂತುಹೋಗುತ್ತೆ ಅಂತ ಬೇಕಂತ್ಲೇ ಆಕ್ಸಿಲರೇಟರ್ ಒತ್ತುತ್ತಿದ್ದೆ. ನಿನ್ನೆ ಚಿಕ್ಕವಳು ಫೋನಲ್ಲಿ ಕೇಳಿದ್ಲು, ಚಿಕ್ಕಮ್ಮ, ನೀನೂ ಬರಲ್ವಾ ಅಂತ."

ನಾನೂ ಜೊತೆಗೆ ಬರ್ತೀನಿ ಎನ್ನುವ ಮಾತು ಅವನ ನಾಲಗೆಯ ತುದಿಗೆ ಬಂದು ನಿಂತಿತು. ಮನೆಯಲ್ಲಿ ಲಕ್ವ ಹೊಡೆದು ಮಲಗಿದ ಅಣ್ಣನಿದ್ದ. ಅವನ ಬಾಯಿಗೆ ತುತ್ತಿಡಲು ಇವನೇ ಬೇಕು. ಇಲ್ಲೇ ಇರಿ ಎನ್ನೋಣವೆಂದರೆ ಅಲ್ಲಿ ಆ ಮಕ್ಕಳು.

"ಏನೂ ಹೇಳ್ಬೇಡಿ," ಎಂದಳು ಅವಳು. "ಹೇಳಿದ್ರೆ ಉಳ್ಕೊಂಡ್ಬಿಡ್ತೀನಿ."

ಅವನು ಗೇರ್ ಮೇಲಿದ್ದ ಅವಳ ಕೈ ಮೇಲೆ ಗ್ರೀಸ್ ಹತ್ತಿದ ತನ್ನ ಕೈ ಇಟ್ಟ. ಅವಳು ಸರಿಸಿಕೊಳ್ಳಲಿಲ್ಲ.

ಬುಧವಾರ ಬೆಳಿಗ್ಗೆ ಅವಳು ಹೊರಟಳು. ಮರುದಿನ ಮಧ್ಯಾಹ್ನ ಅವನು ಅಣ್ಣನಿಗೆ ಊಟ ಮಾಡಿಸುತ್ತಿದ್ದಾಗ ಫೋನ್ ಬಂತು.

"ಬಂದು ಸೇರ್ದೆ. ಡೀಸೆಲ್ ಇನ್ನೂ ಉಳಿದಿದೆ. ಇಬ್ಬರೂ ಮಡಿಲು ಬಿಟ್ಟು ಇಳೀತಿಲ್ಲ."

"ಚೆನ್ನಾಗಿ ಓಡಿಸಿದ್ರಿ," ಎಂದ. ಬಹಳ ಹೊತ್ತು ಇಬ್ಬರೂ ಫೋನ್ ಇಡಲಿಲ್ಲ.

"ಯಾರೋ ಅದು?" ಅಣ್ಣ ತೊದಲಿದ.

ಗಿರಾಕಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

"ನನ್ನವಳು ಅಣ್ಣ," ಎಂದ. "ಮನೆ ಸೇರಿದ್ಲಂತೆ."