ಎಲ್ಲ ಲೈನಿಗೂ ಮರೂನ್

ಮದರಾಸಿನ ತಾಂಬರಂ ಸ್ಟೇಷನ್ನಿನ ಮೇಲ್ಸೇತುವೆ. ಹಿಂದೆ ಮಹದೇವ, ನಮ್ಮ ಫ್ಯಾಕ್ಟರಿಯ ಸೆಕ್ಯುರಿಟಿ ಚೀಫ್. ಅವನ ಜೊತೆ ಇಬ್ಬರು ದಾಂಡಿಗರು. ನನ್ನ ಮುಷ್ಟಿಯಲ್ಲಿ ಕರಿಯಮ್ಮನ ಕೈ.

"ಓಡು ಕರಿಯಮ್ಮ."

"ಓಡ್ತಾನೇ ಇವ್ನಿ ಮೇಡಮ್ಮೋರೆ, ಇನ್ನೆಂಗ್ ಓಡದು?"

ಕೇಳಿ, ನಾನು ಬೃಂದಾ. ಕನ್ನಡ ಸೀಮೆಯಿಂದ ಹೆಂಗಸರನ್ನು ಕರೆತಂದು ಬಟ್ಟೆ ಹೊಲಿಸಿ ಫಾರಿನ್ನಿಗೆ ಕಳಿಸುವ ಕಂಪನಿಯ ವೆಲ್‌ಫೇರ್ ಆಫೀಸರ್. ವೆಲ್‌ಫೇರ್ ಎಂದರೆ... ಗಲಾಟೆ ಎದ್ದ ಕಡೆ ಹೋಗಿ ಬಾಯಿ ಮುಚ್ಚಿಸುವುದು! ಬೆದರಿಸಿಯೋ, ಸಿಹಿ ಹಂಚಿಯೋ.

ಈ ಸಲ ಮುಚ್ಚಿಸಬೇಕಾಗಿದ್ದ ಬಾಯಿ ಕರಿಯಮ್ಮನದು.

ಅವಳ ಪಕ್ಕದ ಮೆಷಿನ್ನಿನ ಸೀತಾ ಬಸುರಿ. ಬೆಳಿಗ್ಗೆಯಿಂದ ನೋವು ಎನ್ನುತ್ತಿದ್ದಳು. ಸೂಪರ್‌ವೈಸರ್ ಸೀಟು ಬಿಟ್ಟು ಏಳಗೊಡಲಿಲ್ಲ. ಕಕ್ಕಸಿಗೂ ಬೀಗ. ಮೆಷಿನ್ ಮೇಲೆಯೇ ಕುಸಿದಳು. ಮಗು ಉಳಿಯಲಿಲ್ಲ.

ಮನೆಯಲ್ಲಿ ಜಾರಿ ಬಿದ್ದಳಂತೆ... ಕಂಪನಿಯ ಹೇಳಿಕೆ ಅದು. ಸೀತಾಳನ್ನು ಸಮಾಧಾನ ಮಾಡಿ ಬಾ ಎಂದು ನನ್ನ ಕೈಗೆ ಸ್ವೀಟ್ ಬಾಕ್ಸು ಕೊಟ್ಟು ಕಳಿಸಿದರು.

ಮಗುವನ್ನು ಮಣ್ಣು ಮಾಡಿ ಬಂದ ಮನೆಗೆ ಸ್ವೀಟು!

ಬಾಕ್ಸನ್ನು ದಾರಿಯಲ್ಲೇ ಎಸೆದೆ. ಅವತ್ತಿನಿಂದ ನಾನು ಕಂಪನಿಯ ಕಡೆಯವಳಲ್ಲ, ಅದು ಅವರಿಗೆ ಗೊತ್ತಿರಲಿಲ್ಲ ಅಷ್ಟೆ.

ಕಂಡದ್ದನ್ನು ಹೇಳಲು ಒಪ್ಪಿದವಳು ಕರಿಯಮ್ಮ ಒಬ್ಬಳೇ. ಇವತ್ತು ಮಧ್ಯಾಹ್ನ ಲೇಬರ್ ಆಫೀಸಿನಲ್ಲಿ ವಿಚಾರಣೆ. ಅವಳು ಅಲ್ಲಿಗೆ ತಲುಪದಿದ್ದರೆ ಕೇಸು ಸತ್ತಂತೆ.

ಇನ್ನು ಸೀರೆಯ ವಿಷಯ.

ಪ್ರತಿ ದೀಪಾವಳಿಗೂ ನಮ್ಮಲ್ಲಿ ಹೆಂಗಸರಿಗೆ ಸೀರೆ ಗಿಫ್ಟು. ಒಂದೊಂದು ಲೈನಿಗೆ, ಅಂದರೆ ಮೆಷಿನ್ನಿನ ಒಂದೊಂದು ಸಾಲಿಗೆ, ಒಂದೊಂದು ಬಣ್ಣ. ಹಬ್ಬ ಕಳೆದ ಮೇಲೆ ಅದನ್ನೇ ಉಟ್ಟು ಕೆಲಸಕ್ಕೆ ಬರಬೇಕು. ಮೇಲೆ ಗಾಜಿನ ಕ್ಯಾಬಿನ್ನಿನಲ್ಲಿ ಕೂತ ಮಾಲೀಕ ಸತ್ಯಾತ್ಮ ರಾಯರಿಗೆ ಯಾರು ಜಾಗ ಬಿಟ್ಟು ಎದ್ದರೆಂದು ಒಂದೇ ನೋಟಕ್ಕೆ ಗೊತ್ತಾಗಬೇಕಲ್ಲ... ಉಡುಗೊರೆಯಂತೆ! ಕುರಿಗೆ ಬಳಿಯುವ ಬಣ್ಣ ಅದು.

ಆರಿಸುವ ಕೆಲಸ ನನ್ನದು. ಈ ಸಲದ, ಎರಡು ಸಾವಿರದ ಮೂರರ, ದೀಪಾವಳಿಗೆ ರಾಯರು ನುಂಗಂಬಾಕ್ಕಂ ಆಫೀಸಿಗೆ ಕರೆಸಿದರು. ತಲೆಮಾರುಗಳಿಂದ ಮದರಾಸಿನವರು. ಅರ್ಧ ಕನ್ನಡ, ಅರ್ಧ ತಮಿಳು.

"ಆ ಕರಿಯಮ್ಮನ ಲೈನಿಗೆ ಪಳಪಳಾಂತ ಹಳದಿ ತೊಗೋಮ್ಮಾ. ಗೇಟಲ್ಲಿ ಹಳದಿ ಕಂಡ್ರೆ ಹೊರಗೆ ಬಿಡಕೂಡಾದು. ಪುರಿಯುದಾ?"

ಅರ್ಥವಾಯಿತು ಎಂದೆ. ಚೆನ್ನಾಗಿಯೇ ಆಗಿತ್ತು.

ಅಂಗಡಿಯಲ್ಲಿ ಎಲ್ಲ ಲೈನಿಗೂ ಮರೂನ್ ಕಟ್ಟಿಸಿದೆ. ಒಂದೇ ಬಾರ್ಡರು. ನನಗೂ ಒಂದು. ಹಬ್ಬದ ಹಿಂದಿನ ಸಂಜೆ ಹಂಚಿದೆ. ರಾಯರು ಕಿರುಚುವ ಹೊತ್ತಿಗೆ ಫ್ಯಾಕ್ಟರಿ ಖಾಲಿ! ಅಂಗಡಿಯವನ ತಪ್ಪು ಎಂದೆ, ನಂಬಿದರು.

ಹಬ್ಬ ಕಳೆದು ಇವತ್ತು ಊಟದ ಗಂಟೆ ಹೊಡೆದದ್ದೇ, ಗೇಟಿನಿಂದ ಮರೂನ್ ಪ್ರವಾಹ. ಕಾವಲಿನವರು ಯಾರನ್ನು ಹಿಡಿಯಬೇಕು? ಮಹದೇವನಿಗೆ ಮಾತ್ರ ಕರಿಯಮ್ಮನ ಮುಖ ಗೊತ್ತು. ಅದಕ್ಕೇ ಈ ಓಟ.

ಸೇತುವೆ ಇಳಿದೆವು. ಪ್ಲಾಟ್‌ಫಾರಂ ತುಂಬ ಕರಿಯಮ್ಮನನ್ನು ಮರೆಮಾಡಲು ಬಂದ ನಮ್ಮವರೇ. ಮೆಟ್ಟಿಲ ಮೇಲಿಂದ ನೋಡಿದ ಮಹದೇವನಿಗೆ ಬರೀ ಬೆನ್ನು... ಬರೀ ಮರೂನ್!

ಒಬ್ಬಳ ಸೆರಗು ಹಿಡಿದು ಎಳೆದ. ತಿರುಗಿದವಳು ಕಟಿಂಗ್ ಸೆಕ್ಷನ್ನಿನ ಚಿಕ್ಕಮ್ಮ.

"ಏನಣ್ಣಾ, ಮನೇಲಿ ಹೆಂಡ್ರಿಲ್ವಾ ನಿಂಗೆ?"

ಇನ್ನೊಬ್ಬಳ ಭುಜಕ್ಕೆ ಕೈ ಹಾಕಿದ. ಅವಳು ರಮಾಬಾಯಿ. ಊಟದ ಕ್ಯಾರಿಯರ್ ಬೀಸಿದಳು. ಮೂಗು ಒಡೆಯಿತು.

ಟ್ರೇನು ಹೊರಟಿತು. ನಾವಿಬ್ಬರೂ ಲೇಡೀಸ್ ಡಬ್ಬಿಯಲ್ಲಿ. ಬಾಗಿಲಿಗೆ ಜೋತುಬಿದ್ದ ದಾಂಡಿಗನೊಬ್ಬನನ್ನು ಮೀನು ಮಾರುವ ಹೆಂಗಸರು ಬುಟ್ಟಿಯಿಂದಲೇ ಕೆಳಗೆ ತಳ್ಳಿದರು.

ಲೇಬರ್ ಆಫೀಸಿಗೆ ರಾಯರು ಕಾರಿನಲ್ಲಿ ಮೊದಲೇ ಬಂದಿದ್ದರು. ಸಾಕ್ಷಿ ಬರುವುದಿಲ್ಲ ಎಂದು ಅವರ ವಕೀಲ ಹೇಳುತ್ತಿದ್ದಾಗಲೇ ಕರಿಯಮ್ಮ ಒಳಗೆ ನಡೆದಳು. ಏದುಸಿರು. ಕಾಲಲ್ಲಿ ಒಂದೇ ಚಪ್ಪಲಿ.

"ನಾ ಕಂಡದ್ದ ಏಳ್ತೀನಿ ಸಾ. ಬರ್ಕಳಿ."

ಎಲ್ಲ ಹೇಳಿದಳು. ಬೀಗ, ಸೂಪರ್‌ವೈಸರನ ಬೈಗುಳ, ಸೀತಾಳ ಕೂಗು. ನಾನು ತಮಿಳಿಗೆ ತಿರುಗಿಸಿ ಹೇಳಿದ್ದನ್ನು ಆಫೀಸರ್ ಬರೆದುಕೊಂಡರು.

ಹೊರಗೆ ವರಾಂಡದಲ್ಲಿ ರಾಯರು ನನ್ನನ್ನು ಅಡ್ಡಗಟ್ಟಿದರು. ಮುಖ ನನ್ನ ಸೀರೆಗಿಂತ ಕೆಂಪು.

"ನಾಳೆಯಿಂದ ನೀ ಬರಬೇಡ. ಮುಂದಿನ ವರ್ಷ ಒಬ್ಬಳಿಗೂ ಸೀರೆ ಇಲ್ಲ, ನೋಡ್ಕೋ."

"ಬೇಡ ಸಾರ್," ಎಂದೆ. "ಕಕ್ಕಸಿನ ಬೀಗ ತೆಗೀರಿ. ಅವರಿಗೆ ಅದೇ ದೀಪಾವಳಿ ಆಗುತ್ತೆ."